ರುಮಾಲು ಸುತ್ತೋದು ಹೇಗೆ? ಮದುವೆಗೆ ಮೊದಲೇ ಕಲಿತಿಟ್ಟುಕೊಳ್ಳಿ

ಸನ್ಮಾನ ಅಂದ್ರೆ ಈಗ ಕವರಿನಿಂದ ತೆಗೆದ ರೆಡಿಮೇಡ್ ಮೈಸೂರು ಪೇಟ. ಫೋಟೋ ಮುಗಿಯೋವರೆಗೆ ತಲೆ ಮೇಲೆ ನಿಂತರೆ ಪುಣ್ಯ. ಒಬ್ಬರಿಗೆ ನೆತ್ತಿ ಮೇಲೆ ಕೂರುತ್ತದೆ, ಇನ್ನೊಬ್ಬರಿಗೆ ಕಣ್ಣಿಗೇ ಇಳಿಯುತ್ತದೆ. ನಮ್ಮ ಕಲಬುರಗಿ ಕಡೆ ಹಿರಿಯರು ಸುತ್ತುವ ರುಮಾಲಿಗೆ ಈ ತಾಪತ್ರಯ ಇಲ್ಲ, ಯಾರ ತಲೆಗೆ ಸುತ್ತುತ್ತೀರೋ ಅವರ ಅಳತೆಗೇ ಬರುತ್ತದೆ.

ಮೊದಲು ಬಟ್ಟೆ. ತೆಳ್ಳನೆ ಹತ್ತಿಯದ್ದೇ ಬೇಕು, ಮಲ್‌ಮಲ್ ಆದರೆ ಒಳ್ಳೆಯದು. ಕಲಿಯೋಕೆ 5 ಮೀಟರ್ ಸಾಕು. ಹೊಸ ಬಟ್ಟೆಯಲ್ಲಿ ಗಂಜಿ ಇರುತ್ತದೆ, ಒಮ್ಮೆ ಒಗೆದುಬಿಡಿ. ಪಾಲಿಸ್ಟರ್ ಬೇಡವೇ ಬೇಡ. ಜಾರುತ್ತದೆ, ಮೇಲಾಗಿ ನಮ್ಮ ಮೇ ತಿಂಗಳ ಮದುವೆಯಲ್ಲಿ, 40 ಡಿಗ್ರಿ ದಾಟಿದ ಬಿಸಿಲಲ್ಲಿ, ಮದುಮಗನ ಬೆವರು ಹೀರದೆ ಕಣ್ಣಿಗೇ ಇಳಿಸುತ್ತದೆ.

ಆಮೇಲೆ ಮಡಿಕೆ. ಇಬ್ಬರು ಎರಡು ತುದಿ ಹಿಡಿದು ಬಿಗಿಯಾಗಿ ಎಳೆದು, ಉದ್ದಕ್ಕೆ ಮಡಚುತ್ತಾ ನಾಲ್ಕು ಬೆರಳು ಅಗಲಕ್ಕೆ ತನ್ನಿ. ಸಿಖ್ಖರು ತಮ್ಮ ಪೇಟಕ್ಕೂ, ಅಂದ್ರೆ ದಸ್ತಾರಕ್ಕೂ, ಹೀಗೇ ಎಳೆದು ಮಡಚುತ್ತಾರೆ, ಅದಕ್ಕೆ ಪೂಣಿ ಅಂತಾರೆ. ಬೀದರಿನ ಗುರುನಾನಕ್ ಝೀರಾ ಗುರುದ್ವಾರಕ್ಕೆ ಹೋದರೆ ಅವರ ಸುತ್ತುಗಳನ್ನು ಗಮನಿಸಿ, ಅಂಚು ಅಂಚಿಗೆ ಎಷ್ಟು ಅಚ್ಚುಕಟ್ಟು! ಆದರೆ ದಸ್ತಾರ ಅವರ ಧರ್ಮದ ಗುರುತು, ಮದುವೆ ಶೋಕಿಗೆ ಅದನ್ನು ನಕಲು ಮಾಡೋದು ಬೇಡ. ಗುರುದ್ವಾರದ ಒಳಗೆ ಹೋಗೋಕೆ ನಮಗೆ ತಲೆ ಮುಚ್ಚುವ ಒಂದು ಕರವಸ್ತ್ರ ಸಾಕು.

ಈಗ ಸುತ್ತು. ಒಂದು ಮೊಳದಷ್ಟು ಚುಂಗು ಬೆನ್ನ ಮೇಲೆ ಬಿಟ್ಟು, ಹಿಂದಲೆಯಿಂದ ಶುರು ಮಾಡಿ ಬಲಗಿವಿಯ ಮೇಲಿಂದ ಹಣೆಗೆ ತಂದು, ಎಡಗಿವಿಯ ಮೇಲೆ ಹಾಯಿಸಿ ಹಿಂದಕ್ಕೆ ಒಯ್ಯಿರಿ. ಈ ಮೊದಲ ಸುತ್ತೇ ಅಡಿಪಾಯ. ಬಿಗಿ ಇರಲಿ, ಆದರೆ ಹಣೆಗೂ ಬಟ್ಟೆಗೂ ನಡುವೆ ಒಂದು ಬೆರಳು ತೂರಬೇಕು, ಇಲ್ಲದಿದ್ದರೆ ಅಕ್ಕಿಕಾಳು ಬೀಳೋ ಹೊತ್ತಿಗೆ ಮದುಮಗನಿಗೆ ತಲೆನೋವು ಗ್ಯಾರಂಟಿ. ಎರಡನೇ ಸುತ್ತು ಎಡಕ್ಕೆ ಏರಲಿ, ಬಲಕ್ಕೆ ಇಳಿಯಲಿ. ಮೂರನೆಯದು ಅದಕ್ಕೆ ಉಲ್ಟಾ. ಹಣೆ ಮೇಲೆ ಕತ್ತರಿ ಆಕಾರ ಬರುತ್ತದೆ. ಪ್ರತಿ ಸುತ್ತೂ ಹಿಂದಿನದಕ್ಕಿಂತ ಬೆರಳಗಲ ಮೇಲೆ ಕೂರಬೇಕು, ಆಗಲೇ ಮಡಿಕೆಗಳು ಎದ್ದು ಕಾಣೋದು. ಕೊನೆಗೆ ಒಂದು ಪದರ ಬಿಡಿಸಿ ನೆತ್ತಿ ಮುಚ್ಚಿ, ಉಳಿದ ತುದಿಯನ್ನು ಹಿಂದೆ ಸುತ್ತುಗಳ ಒಳಗೆ ಹೆಬ್ಬೆರಳಿಂದ ಒತ್ತಿ ಸಿಕ್ಕಿಸಿ.

ಬಾಸಿಂಗ ಕಟ್ಟೋದಿದ್ದರೆ ಹಣೆ ಮೇಲೆ ಜಾಸ್ತಿ ಪದರ ಪೇರಿಸಬೇಡಿ. ದಪ್ಪ ಆದರೆ ಬಾಸಿಂಗ ಮುಂದಕ್ಕೆ ವಾಲುತ್ತದೆ.

ಮುಗಿದ ಮೇಲೆ ಜೋರಾಗಿ ತಲೆ ಅಲ್ಲಾಡಿಸೋಕೆ ಹೇಳಿ. ಜಾರಿತಾ? ಮೊದಲ ಸುತ್ತು ಸಡಿಲ ಇದೆ ಅಂತ ಅರ್ಥ, ಪೂರ್ತಿ ಬಿಚ್ಚಿ ಮತ್ತೆ ಸುತ್ತಿ. ಪಿನ್ನು ಚುಚ್ಚಿ ತೇಪೆ ಹಾಕೋದು ಸುಮ್ನೆ ವ್ಯರ್ಥ. ಮತ್ತೆ, ಅವತ್ತು ತಲೆಗೆ ಎಣ್ಣೆ ಬೇಡ ಅಂತ ಮದುಮಗನ ಅವ್ವನಿಗೆ ಹಿಂದಿನ ದಿನವೇ ಹೇಳಿಡಿ, ಕೇಳ್ತಾರೋ ಇಲ್ಲವೋ ಬೇರೆ ಮಾತು. ಕೆಂಪು ರುಮಾಲು ಬಣ್ಣ ಬಿಡುತ್ತದೆ, ಬಿಳಿ ಧೋತರದ ಜೊತೆ ನೆನೆಹಾಕಬೇಡಿ.