ಸರಪಳಿ ಕಟ್ಟಿದ ಮೃಗ ಗೋಡೆಯಾಚೆ ಬಂದು ಕಚ್ಚುತ್ತಿದ್ದರೆ

ಬಾಗಲಕೋಟೆಯ ಗೆಳೆಯರು ಸೇರಿ ಮಾಡುತ್ತಿರುವ ನೆಲಮಾಳಿಗೆಯ ಕಂಪ್ಯೂಟರ್ ಆಟದಲ್ಲಿ ಕಾವಲು ಮೃಗದ ಸರಪಳಿ 4 ಚೌಕ. ಆದರೂ ಅದು ಬಾಗಿಲು ಸುತ್ತಿ ಪಕ್ಕದ ಕೋಣೆಗೆ ನುಗ್ಗುತ್ತಿತ್ತು. ಕಾರಣ, ಗೂಟದಿಂದ ದೂರವನ್ನು ನೇರ ಗೆರೆಯಲ್ಲಿ ಅಳೆದದ್ದು. ಮೇಟಿಗೆ ಕಟ್ಟಿದ ಎತ್ತು ಗೋಡೆ ಸುತ್ತಿ ಹೋಗಬೇಕಾದರೆ ಹಗ್ಗ ಸಾಲಬೇಕಲ್ಲ!

ಗೂಟದಿಂದ ಒಮ್ಮೆ ಬ್ರೆಡ್ತ್-ಫಸ್ಟ್ ಸರ್ಚ್ (ಹತ್ತಿರದ ಚೌಕಗಳಿಂದ ಶುರುವಾಗಿ ಒಂದೊಂದೇ ಹೆಜ್ಜೆ ಹೊರಕ್ಕೆ ಹರಡುವ ಹುಡುಕಾಟ) ಓಡಿಸಿ, ಪ್ರತಿ ಚೌಕದ ಹೆಜ್ಜೆ ಎಣಿಕೆ ಇಟ್ಟುಕೊಂಡು, 4 ದಾಟಿದ್ದನ್ನೆಲ್ಲ ಮೃಗಕ್ಕೆ ಮುಚ್ಚಿದ ಮೇಲೆ ಸರಿಹೋಯಿತು. ಬಾಗಿಲು ತೆರೆದಾಗ, ಮುಚ್ಚಿದಾಗ ಮತ್ತೆ ಎಣಿಸಬೇಕು. ಮೂಲೆ ಹೆಜ್ಜೆಯನ್ನೂ 1 ಎಂದು ಹಿಡಿದರೆ ಬಯಲಲ್ಲಿ 81 ಚೌಕ ಸಿಗುತ್ತವೆ, ನಾಲ್ಕು ದಿಕ್ಕು ಮಾತ್ರವಾದರೆ 41, ಮೊದಲೇ ನಿರ್ಧರಿಸಿ.

ಅಂಚಿನಲ್ಲಿ ಹಿಂದೆ-ಮುಂದೆ ತುಯ್ದಾಡುವುದು ಬೇರೆ ರೋಗ. ಆಟಗಾರ 3 ಹೆಜ್ಜೆಯೊಳಗೆ ಬಂದರೆ ಬೆನ್ನಟ್ಟು, 6 ದಾಟಿದರೆ ಮಾತ್ರ ಬಿಡು: ಎರಡೂ ಗಡಿ ಒಂದೇ ಇರಬಾರದು.