ಕಥೆ ಹೇಳೋಕೆ ಹೋಗುವ ಮುಂಚೆ ಎಷ್ಟು ಬರೆದಿರಬೇಕು?
ಗೆಳೆಯರೇ, ನಿರ್ಮಾಪಕರ ಬಳಿ ಹೋಗಲು ಪೂರ್ತಿ ಚಿತ್ರಕಥೆ ಮುಗಿಯಲಿ ಅಂತ ಕಾಯಬೇಡಿ, ಬರೀ ಎಳೆ ಹಿಡಿದೂ ಹೋಗಬೇಡಿ. ದೃಶ್ಯಕ್ಕೆರಡು ಸಾಲಿನಂತೆ ಕೊನೆವರೆಗೂ ಒನ್‌ಲೈನ್ ಆರ್ಡರ್, ಅಂದರೆ ದೃಶ್ಯಗಳ ಪಟ್ಟಿ ಮಾಡಿ. ಇಂಟರ್‌ವಲ್, ಕ್ಲೈಮ್ಯಾಕ್ಸ್ ಎರಡನ್ನು ಮಾತ್ರ ಸಂಭಾಷಣೆ ಸಮೇತ ಬರೆಯಿರಿ. ಗಾಂಧಿನಗರದಲ್ಲಿ, ಅಂದರೆ ನಮ್ಮ ಚಿತ್ರರಂಗದಲ್ಲಿ, ಕಥೆ ಓದುವವರಿಗಿಂತ ಕೇಳುವವರೇ ಹೆಚ್ಚು. ಬದಲಾವಣೆ ಕೇಳಿದರೆ ಎರಡು ಸಾಲು ತಿದ್ದುವುದೂ ಸುಲಭ. ಇನ್ನೊಂದು ಬಹಳ ಮುಖ್ಯ: ಬರೀ ಐಡಿಯಾಗೆ ಕಾಪಿರೈಟ್ ಇಲ್ಲ, ಬರೆದ ರೂಪಕ್ಕಿದೆ. 1978ರಲ್ಲಿ ಆರ್.ಜಿ. ಆನಂದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ. ಹಾಗಾಗಿ ಹೊರಡುವ ಮುಂಚೆ ಬರೆದದ್ದನ್ನು ನಿಮಗೇ ಇಮೇಲ್ ಮಾಡಿಟ್ಟುಕೊಳ್ಳಿ, ಅದು ಯಾವ ದಿನಾಂಕದಂದು ನಿಮ್ಮ ಬಳಿ ಇತ್ತು ಎಂಬುದಕ್ಕೆ ಒಂದು ದಾಖಲೆ ಇರುತ್ತದೆ. ಮಾತಿನ ಮೇಲೇ ನಿಂತ ಹಾಸ್ಯಕ್ಕೆ, ಮೌನದಲ್ಲೇ ಸಾಗುವ ಕಥೆಗೆ ಮಾತ್ರ ಇಷ್ಟು ಸಾಲದು. ಅಲ್ಲಿ ಬೌಂಡ್ ಸ್ಕ್ರಿಪ್ಟೇ, ಅಂದರೆ ಪೂರ್ತಿ ಬರೆದು ಮುಗಿಸಿದ ಚಿತ್ರಕಥೆಯೇ ಬೇಕು.