ಪಾಯಿಂಟ್ ಇಟ್ಟುಕೊಂಡೇ ಟೈಮಿಂಗ್ ನಿಲ್ಲಿಸಿದೆ: ಡಿಟಿ-1 ಜೊತೆ ನನ್ನ ಅನುಭವ

ಪಾಯಿಂಟ್ (ತೆರೆದುಕೊಂಡಾಗ ಪ್ಲಗ್‌ನಲ್ಲಿ ಕಿಡಿ ಹಾರಿಸುವ ಸ್ವಿಚ್) ಇರುವ ಗಾಡಿಯ ಟೈಮಿಂಗ್, ಅಂದರೆ ಕಿಡಿ ಹಾರುವ ಕ್ಷಣ, ಒಂದು ಕಡೆ ನಿಲ್ಲುವುದಿಲ್ಲ, ಸುಮ್ನೆ ಸಿಡಿಐ (ಪಾಯಿಂಟ್ ಬೇಡದ ಎಲೆಕ್ಟ್ರಾನಿಕ್ ಇಗ್ನಿಷನ್) ಕಿಟ್ ಹಾಕಿ ಮುಗಿಸು ಅಂತ ನನಗೆ ಹೇಳದವರೇ ಇಲ್ಲ. ನಿಂತಿದೆ. ಮಣ್ಣು, ನೀರು, ಏರು ಅಂತ ನೋಡದೆ ಒಂದಿಡೀ ಸೀಸನ್ ಓಡಿಸಿ ಮತ್ತೆ ಡಯಲ್ ಗೇಜ್ (ಪ್ಲಗ್ ತೂತಿನಿಂದ ಪಿಸ್ಟನ್ ಎಷ್ಟು ಸರಿದಿದೆ ಅಂತ ಅಳೆಯುವ ಸಾಧನ) ಇಟ್ಟಾಗ, ನಾನು ಬಿಟ್ಟ ಜಾಗದಿಂದ ಹೆಚ್ಚೆಂದರೆ 0.1 ಮಿ.ಮೀ. ಹಿಂದೆ ಬಂದಿತ್ತು. ಅಷ್ಟೂ ಪಾಯಿಂಟ್ ಹಿಮ್ಮಡಿ, ಅಂದರೆ ತಿರುಗುವ ಭಾಗಕ್ಕೆ ಉಜ್ಜುವ ತುದಿ, ಸವೆದದ್ದೇ. ಅದಕ್ಕೇ ಬರೆಯುತ್ತಿದ್ದೇನೆ.

ಗಾಡಿ ಯಮಹಾ ಡಿಟಿ-1. 1968ರಲ್ಲಿ ಬಂದ ಮಾದರಿ, 246 ಸಿಸಿ, 70 ಮಿ.ಮೀ. ಬೋರು, 64 ಮಿ.ಮೀ. ಸ್ಟ್ರೋಕು. ಟಿಡಿಸಿಗಿಂತ (ಪಿಸ್ಟನ್ ತೀರಾ ಮೇಲೆ ತಲುಪುವ ಜಾಗ) 3.2 ಮಿ.ಮೀ. ಮೊದಲು ಪಾಯಿಂಟ್ ಬಿಚ್ಚಬೇಕು, ಗ್ಯಾಪ್, ಅಂದರೆ ಪೂರ್ತಿ ಬಿಚ್ಚಿದಾಗಿನ ಸಂದು, 0.3ರಿಂದ 0.4 ಮಿ.ಮೀ. ಒಳಗೆ ಇರಬೇಕು. ಇದರಲ್ಲಿ ಪಾಯಿಂಟ್ ಕೂತ ಪ್ಲೇಟ್ ತಿರುಗಿಸಿ ಟೈಮಿಂಗ್ ಕೂಡಿಸುವ ಸೌಕರ್ಯ ಇಲ್ಲ, ಗ್ಯಾಪ್ ಬದಲಿಸಿಯೇ ತರಬೇಕು. ಗ್ಯಾಪ್ ಜಾಸ್ತಿ ಮಾಡಿದರೆ ಬೇಗ ಬಿಚ್ಚುತ್ತದೆ, ಕಡಿಮೆ ಮಾಡಿದರೆ ತಡ. ಇದು ನಿಮಗೆಲ್ಲ ಗೊತ್ತಿರುವುದೇ.

ನನ್ನ ತಲೆನೋವು ಏನೆಂದರೆ, 3.2ಕ್ಕೆ ತಂದರೆ ಗ್ಯಾಪ್ 0.5 ಹತ್ತಿರ ಹೋಗುತ್ತಿತ್ತು. ಗ್ಯಾಪ್ 0.35ಕ್ಕೆ ಇಟ್ಟರೆ ಟೈಮಿಂಗ್ 2.5ರ ಆಸುಪಾಸು. ಎರಡೂ ಒಟ್ಟಿಗೆ ಬರಲೊಲ್ಲವು. ಮೊದಲು ಬಯ್ದದ್ದು ಪಾಯಿಂಟ್‌ಗೆ. ಅಗ್ಗದ ಡೂಪ್ಲಿಕೇಟ್ ಸೆಟ್ ತಂದು ಹಾಕಿದರೆ ಅದರ ಹಿಮ್ಮಡಿ ಎಷ್ಟು ಮೆತ್ತಗಿತ್ತೆಂದರೆ ಒಂದು ಸಂಜೆ ಓಡಿಸುವಷ್ಟರಲ್ಲಿ ಗ್ಯಾಪ್ ಅರ್ಧಕ್ಕೆ ಇಳಿದಿತ್ತು. ಇನ್ನೊಂದು ಸೆಟ್ ತಂದೆ, ಜೊತೆಗೆ ಕಂಡೆನ್ಸರ್, ಜೊತೆಗೆ ಕಾಯಿಲ್. ಇಷ್ಟಕ್ಕೆ ಸುರಿದ ದುಡ್ಡಲ್ಲಿ ಒಳ್ಳೆಯ ಡಯಲ್ ಗೇಜೇ ಬರುತ್ತಿತ್ತು. ಆಮೇಲೆ ಅದನ್ನೂ ಕೊಂಡೆ ಬಿಡಿ.

ರೋಗ ಇದ್ದದ್ದು ಮ್ಯಾಗ್ನೆಟ್ (ಕ್ರ್ಯಾಂಕ್ ತುದಿಯಲ್ಲಿ ತಿರುಗುವ ಆಯಸ್ಕಾಂತದ ಚಕ್ರ) ಒಳಗೆ. ಪುಲ್ಲರ್ ಹಾಕಿ ಎಳೆದು ನೋಡಿದರೆ, ಅದನ್ನು ಕ್ರ್ಯಾಂಕ್ ಮೇಲೆ ಸರಿಯಾದ ಕೋನದಲ್ಲಿ ಕೂರಿಸುವ ಅರ್ಧಚಂದ್ರದ ಕೀ ಮಧ್ಯೆ ಒಂದು ಮೆಟ್ಟಿಲು. ಪೂರ್ತಿ ತುಂಡಾಗಿಲ್ಲ, ಅರ್ಧ ಕತ್ತರಿಸಿ ಜರುಗಿ ನಿಂತಿದೆ. ಹಳೆಯ ಮಾಲೀಕ ನಟ್ ಸಡಿಲ ಬಿಟ್ಟು ಓಡಿಸಿರಬೇಕು. ಕ್ರ್ಯಾಂಕ್ ಮುಂದೆ ಹೋಗಿ ಮ್ಯಾಗ್ನೆಟ್ ಹಿಂದೆ ಉಳಿದಿದೆ. ಪಾಯಿಂಟ್ ಎತ್ತುವ ಕ್ಯಾಮ್ ಇರುವುದು ಮ್ಯಾಗ್ನೆಟ್ ಬುಡದಲ್ಲೇ ಅಲ್ವಾ, ಟೈಮಿಂಗ್ ತಡ ಆಗದೆ ಇನ್ನೇನಾಗುತ್ತದೆ? ಗ್ಯಾಪೂ ಟೈಮಿಂಗೂ ಜೊತೆಗೆ ಕೂಡದಿದ್ದರೆ ಪಾಯಿಂಟ್ ಉಜ್ಜುತ್ತಾ ಕೂರಬೇಡಿ, ಮೊದಲು ಕೀ ನೋಡಿ.

ಹೊಸ ಕೀ ಹಾಕಿದರೆ ಸಾಲದು. ಮ್ಯಾಗ್ನೆಟ್ ಹಿಡಿದಿಡುವುದು ಟೇಪರ್ (ಕ್ರ್ಯಾಂಕಿನ ಸಪೂರ ಆಗುತ್ತಾ ಹೋಗುವ ತುದಿ), ಕೀ ಅಲ್ಲ. ಕೀ ಇಲ್ಲದೆ ನಯವಾದ ವಾಲ್ವ್ ಪೇಸ್ಟ್ (ಲೋಹ ಉಜ್ಜುವ ಪೇಸ್ಟ್) ಹಚ್ಚಿ, ಟೇಪರ್ ಎಲ್ಲ ಕಡೆ ಒಂದೇ ಬೂದುಬಣ್ಣಕ್ಕೆ ಬರುವವರೆಗೆ ಕೈಯಲ್ಲೇ ತಿರುಗಿಸಿ ಕೂರಿಸಿದೆ. ಆಮೇಲೆ ಪೇಸ್ಟ್ ಒಂದು ಕಣವೂ ಉಳಿಯದಂತೆ ತೊಳೆದು, ಒಣಗಿಸಿ, ಎಣ್ಣೆ ಸೋಕಿಸದೆ ಬಿಗಿದೆ. ಈಗ 3.2ಕ್ಕೆ ಗ್ಯಾಪ್ 0.35. ಆ ದಿನ ನನಗೆ ಬಂದ ಖುಷಿ ನಿಮಗೂ ಗೊತ್ತಾಗುತ್ತದೆ.

ಪಾಯಿಂಟ್ ಬಿಚ್ಚುವ ಕ್ಷಣ ಹಿಡಿಯುವ ವಿಷಯ. ಮಲ್ಟಿಮೀಟರಿನ ಬೀಪ್ ನಂಬಿ ಕೆಟ್ಟವರು ಬಹಳ ಜನ. ಪಾಯಿಂಟ್‌ಗೆ ಸಮಾಂತರವಾಗಿ ಒಳಗಿನ ಕಾಯಿಲ್ ಇರುತ್ತದೆ, ಅದರ ರೆಸಿಸ್ಟೆನ್ಸ್ ಒಂದೆರಡು ಓಮ್ ಅಷ್ಟೇ. ಬಿಚ್ಚಿದರೂ ಬೀಪ್, ಮುಚ್ಚಿದರೂ ಬೀಪ್. ನಾನು ಪಾಯಿಂಟ್‌ನಿಂದ ಕಾಯಿಲ್ ವೈರ್ ಕಳಚಿ ಪಾಯಿಂಟ್ ಒಂದನ್ನೇ ಅಳೆಯುತ್ತೇನೆ. ಮ್ಯಾಗ್ನೆಟ್ಟನ್ನು ಗೇಜಿನಲ್ಲಿ 4 ಮಿ.ಮೀ. ದಾಟುವವರೆಗೆ ಹಿಂದಕ್ಕೆ ತಿರುಗಿಸಿ, ಓಡುವ ದಿಕ್ಕಿನಲ್ಲೇ ನಿಧಾನ ತರಬೇಕು. ಇಲ್ಲದಿದ್ದರೆ ಆಟ ಇರುವ ಕಡೆಯೆಲ್ಲ ಸುಳ್ಳು ಹೇಳುತ್ತದೆ. ಸ್ಕ್ರೂ ಬಿಗಿದ ಮೇಲೆ ಇನ್ನೊಮ್ಮೆ ಅಳೆಯಿರಿ, ಬಿಗಿಯುವಾಗ ಜರುಗದ ಪಾಯಿಂಟ್ ನಾನು ನೋಡಿಲ್ಲ.

ಕ್ರ್ಯಾಂಕಿನ ಕೋನ ಅಳೆಯುವ ಡಿಗ್ರಿ ಚಕ್ರವೇ ಬೇಕು ಅನ್ನುವವರಿಗೆ ಒಂದು ಮಾತು. ಟಿಡಿಸಿ ಹತ್ತಿರ ಪಿಸ್ಟನ್ ಅಲ್ಲಾಡುವುದೇ ಇಲ್ಲ, ಎರಡು ಡಿಗ್ರಿ ಆಚೀಚೆ ಆದರೂ ಗೇಜಿನಲ್ಲಿ 0.02 ಮಿ.ಮೀ. ಮಾತ್ರ. ಚಕ್ರದಲ್ಲಿ ಅದು ದೊಡ್ಡ ತಪ್ಪು, ಪಿಸ್ಟನ್ ಸ್ಟಾಪ್ (ಪಿಸ್ಟನ್ ತಡೆದು ಟಿಡಿಸಿ ಹುಡುಕುವ ಸಾಧನ) ಇಲ್ಲದೆ ಆಗುವುದಿಲ್ಲ. ಮಿ.ಮೀ. ಲೆಕ್ಕದಲ್ಲಿ ಅದು ಲೆಕ್ಕಕ್ಕೇ ಇಲ್ಲ. 3.2 ಅಂದರೆ ಇದರಲ್ಲಿ ಸುಮಾರು 23 ಡಿಗ್ರಿ. ಅಲ್ಲಿ ಒಂದು ಡಿಗ್ರಿಗೆ ಕಾಲು ಮಿ.ಮೀ.ಗಿಂತ ಸ್ವಲ್ಪ ಜಾಸ್ತಿ.

ಜನ ನಕ್ಕದ್ದು ಇದಕ್ಕಲ್ಲ, ಸ್ಟ್ರೋಬ್ ಲೈಟ್ (ಪ್ರತಿ ಕಿಡಿಗೂ ಒಮ್ಮೆ ಮಿಂಚುವ ದೀಪ) ತಂದದ್ದಕ್ಕೆ. ಮ್ಯಾಗ್ನೆಟ್ ಪಾಯಿಂಟ್ ಗಾಡಿಗೆ ಸ್ಟ್ರೋಬ್ ಯಾಕಪ್ಪಾ ಅಂತ. 3.2ರಲ್ಲಿ ನಿಲ್ಲಿಸಿ ಮ್ಯಾಗ್ನೆಟ್ಟಿಗೂ ಕೇಸಿಗೂ ಸೇರಿ ಒಂದು ಗೆರೆ ಗೀರಿದ್ದೆ. ಬೇರೆ 12 ವೋಲ್ಟ್ ಬ್ಯಾಟರಿಗೆ ಸ್ಟ್ರೋಬ್ ಕೊಟ್ಟು ಓಡಿಸಿದರೆ ಗೆರೆ ಎರಡು ಮಿ.ಮೀ.ನಷ್ಟು ತಡವಾಗಿ ಕಾಣಿಸಿತು. ಆ ಅಂಚಿನಲ್ಲಿ ಒಂದು ಡಿಗ್ರಿ ಅಂದರೆ ಹೆಚ್ಚುಕಡಿಮೆ ಒಂದು ಮಿ.ಮೀ. ಅಂದರೆ ಗೇಜಿನಲ್ಲಿ ಸರಿ ಇದ್ದದ್ದು ಓಡುವಾಗ ಎರಡು ಡಿಗ್ರಿ ಹಿಂದೆ. ಸಾಲದ್ದಕ್ಕೆ ರೇಸ್ ಮಾಡಿದಾಗ ಗೆರೆ ಒಂದಲ್ಲ, ಎರಡು ಮೂರಾಗಿ ನಡುಗುತ್ತಿತ್ತು. ನಡುಕ ಮೇನ್ ಬೇರಿಂಗಿನದು. ಮ್ಯಾಗ್ನೆಟ್ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿದರೆ ಕೈಗೇ ಸಿಗುತ್ತಿತ್ತು.

ಬೇರಿಂಗ್, ಸೀಲ್ ಬದಲಿಸುವುದು ಸಣ್ಣ ಖರ್ಚಲ್ಲ, ಇಂಜಿನ್ ಬಿಚ್ಚಿದ ಮೇಲೆ ಪಿಸ್ಟನ್, ರಿಂಗೂ ಕೇಳುತ್ತವೆ. ಆದರೂ ಎಲ್ಲ ಸೇರಿ ಸಿಡಿಐ ಕಿಟ್‌ಗಿಂತ ಕಡಿಮೆಗೇ ಮುಗಿಯಿತು. ಸಡಿಲ ಬೇರಿಂಗ್ ಮೇಲೆ ಆ ಕಿಟ್ ಕೂರಿಸಿದ್ದರೆ ಟೈಮಿಂಗ್ ಸರಿ ಕಂಡು ಇಂಜಿನ್ ಮಾತ್ರ ಕೈಕೊಡುತ್ತಿತ್ತು. ಹೊಸ ಬೇರಿಂಗಿನಲ್ಲಿ ಗೆರೆ ಒಂದೇ ಆಯಿತು, ಉಗುರಿನಲ್ಲಿ ಗೀರಿದ ಹಾಗೆ ನಿಂತಿತು. ಉಳಿದ ಒಂದು ಡಿಗ್ರಿ ತಡಕ್ಕೆ ಗೇಜಿನಲ್ಲಿ 3.45 ಇಟ್ಟೆ, ಓಡುವಾಗ 3.2ಕ್ಕೆ ಬಂದು ಕೂತಿತು. ಈ ಅಂಕಿ ನನ್ನ ಗಾಡಿಯದು, ನಕಲು ಮಾಡಬೇಡಿ. ನಿಮ್ಮದರ ತಡ ಸ್ಟ್ರೋಬಿನಲ್ಲೇ ನೋಡಿ.

ನಡುವೆ ಒಂದೆರಡು ಆಟ ಆಡಿದೆ. ಓಡುವಾಗ 3.5 ಬರುವಂತೆ ಇಟ್ಟರೆ ಕೆಳಗಿನ ಪಿಕಪ್ ಚುರುಕು, ಆದರೆ ಕಿಕ್ಕರ್ ಕಾಲಿಗೆ ವಾಪಸ್ ಒದೆಯುತ್ತದೆ, ಏರಿನಲ್ಲಿ ಟಣಟಣ ಶಬ್ದ. ಪ್ಲಗ್ ತೆಗೆದು ನೋಡಿದರೆ ಪಿಂಗಾಣಿ ಮೇಲೆ ಕರಿ ಚುಕ್ಕಿಗಳು. ತಕ್ಷಣ ವಾಪಸ್ ತಂದೆ, ಪಿಸ್ಟನ್ ತೂತು ಮಾಡಿಕೊಳ್ಳುವ ಆಸೆ ಇಲ್ಲ. 2.9ಕ್ಕೆ ಇಳಿಸಿದರೆ ಮೆತ್ತಗೆ ಓಡುತ್ತದೆ, ಸೈಲೆನ್ಸರ್ ಮಾತ್ರ ಬೇಗ ಕಾಯುತ್ತದೆ. ಗೆಳೆಯನ ಗಾಡಿಯಲ್ಲಿ ಪ್ಲಗ್ ತೂತು ಓರೆ, ಸುಮಾರು 25 ಡಿಗ್ರಿ. ಅಂಥದ್ದರಲ್ಲಿ ಗೇಜ್ 3.2 ತೋರಿಸಿದರೆ ನಿಜಕ್ಕೂ ಪಿಸ್ಟನ್ ಇಳಿದಿರುವುದು 2.9 ಅಷ್ಟೇ. ಅವನು ನಂಬಲಿಲ್ಲ, ಹೆಡ್ ಬಿಚ್ಚಿಯೇ ತೋರಿಸಿದೆ. ಪಿಸ್ಟನ್ ತಲೆ ಉಬ್ಬಿದ್ದರೆ ಲೆಕ್ಕ ಇನ್ನೂ ಕೆಡುತ್ತದೆ.

ಹಿಮ್ಮಡಿ ಸವೆಯದಿರಲು ಫೆಲ್ಟಿಗೆ (ಕ್ಯಾಮ್‌ಗೆ ಎಣ್ಣೆ ಸವರುವ ತುಂಡು) ಏನು ಹಚ್ಚುತ್ತೇನೆ, ಹೊಸ ಪಾಯಿಂಟನ್ನು ಗಾಡಿಗೆ ಹಾಕುವ ಮೊದಲೇ ಹೇಗೆ ಪಳಗಿಸುತ್ತೇನೆ ಅಂತ ಕೇಳಬೇಡಿ, ಅವೆರಡು ನನ್ನ ಹತ್ತಿರವೇ ಇರಲಿ. ಇಷ್ಟು ಹೇಳುತ್ತೇನೆ: ಎರಡು ಹನಿ ಸಾಕು, ಜಾಸ್ತಿ ಆದರೆ ಪಾಯಿಂಟ್ ಮೇಲೆ ಹಾರಿ ಮಿಸ್ಸಿಂಗ್ ಶುರುವಾಗುತ್ತದೆ. ಮತ್ತೆ ಮ್ಯಾಗ್ನೆಟ್ ನಟ್ ಟಾರ್ಕ್ ರೆಂಚಲ್ಲೇ ಬಿಗಿಯಿರಿ, ಅಂದಾಜಿನಲ್ಲಿ ಬೇಡ.